ಬೈಕಿಗೆ ಗ್ಯಾಲಿಯಂ ಹಾಕಬೇಡಿ

ನಮಸ್ಕಾರ.

ಗ್ಯಾಲಿಯಂ ಎಂಬ ಲೋಹವನ್ನು ಕರಗಿಸಿ ಎಣ್ಣೆಯ ಬದಲು ಬಳಸುವ ಬಗ್ಗೆ ನೀವು ಕಳಿಸಿದ ಲೇಖನ ‘ದ್ರವಲೋಹ: ನಾಳಿನ ಕೀಲೆಣ್ಣೆ’ಯನ್ನು ಎರಡು ಸಲ ಓದಿದೆ. ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ತಿದ್ದಿ ಕಳಿಸಿದರೆ ಮುಂದಿನದರಲ್ಲಿ ಜಾಗ ಇಟ್ಟಿರುತ್ತೇನೆ.

ಮೊದಲ ಒಂದೂವರೆ ಪುಟ ಚಕ್ರ ಕಂಡುಹಿಡಿದ ಆದಿಮಾನವನ ಪಾಲಾಗಿದೆ. ಅವನನ್ನು ಬಿಟ್ಟುಬಿಡಿ. ಜೊತೆಗಿಟ್ಟ ಚೀಟಿಯಲ್ಲಿ ನೀವೇ ಬರೆದಿದ್ದೀರಿ: ವಸಂತನರಸಾಪುರದ ನಿಮ್ಮ ಕಾರ್ಖಾನೆಯಲ್ಲಿ ಫರ್ನೇಸ್ ಟ್ರಾಲಿಯ ಬೇರಿಂಗ್ ಬಿಚ್ಚಿದರೆ ಗ್ರೀಸು ತಳ ಹಿಡಿದ ಅನ್ನದ ಹಾಗೆ ಕರಕಲಾಗಿತ್ತು, ಸ್ಕ್ರೂಡ್ರೈವರಿನಲ್ಲಿ ಕೆರೆದು ತೆಗೆದೆ ಅಂತ. ಲೇಖನ ಶುರುವಾಗಬೇಕಾದದ್ದೇ ಅಲ್ಲಿ. ಎಣ್ಣೆ ಸೋತದ್ದನ್ನು ಕಣ್ಣಾರೆ ಕಂಡವರು ನೀವು, ಅದನ್ನೇ ಚೀಟಿಗೆ ತಳ್ಳಿಬಿಟ್ಟಿರಲ್ಲ!

ಗ್ಯಾಲಿಯಂ 29.76 ಡಿಗ್ರಿಗೆ ಕರಗುತ್ತದೆ ಎಂದಷ್ಟೇ ಹೇಳಿ ಓಡಿದ್ದೀರಿ. ಸ್ವಲ್ಪ ನಿಲ್ಲಿ. ತುಮಕೂರಿನ ಡಿಸೆಂಬರ್ ಬೆಳಿಗ್ಗೆ ಅದು ಗಟ್ಟಿ, ಏಪ್ರಿಲ್ ಮಧ್ಯಾಹ್ನ ಸೀಸೆಯೊಳಗೇ ನೀರು, ಮನೆಯ ತುಪ್ಪದಂತೆ. ಆದರೆ ಕುದಿಯಬೇಕಾದರೆ ಎರಡು ಸಾವಿರ ಡಿಗ್ರಿ ದಾಟಬೇಕು. ಓದುಗ ಬೆರಗಾಗುವುದು ಈ ಅಂತರಕ್ಕೆ. ಇಂಡಿಯಂ, ತವರ ಎಂಬ ಲೋಹಗಳನ್ನು ಬೆರೆಸಿದರೆ ಇನ್ನೂ ತಂಪಿನಲ್ಲೂ ಹರಿಯುತ್ತದೆ ಎನ್ನುವ ಮಾತು ಅದರ ಬೆನ್ನಿಗೇ ಬರಲಿ.

ಸಿಟಿ ಸ್ಕ್ಯಾನಿಗೆ ಒಂದೇ ಸಾಲು ಕೊಟ್ಟಿದ್ದೀರಿ. ಅದೇ ನಿಮ್ಮ ಲೇಖನದ ಜೀವ. ಆ ಯಂತ್ರದ ಎಕ್ಸ್‌ರೇ ಟ್ಯೂಬಿನೊಳಗೆ ಗಾಳಿಯಿಲ್ಲ, ಕೆಂಪಗೆ ಕಾದ ಆನೋಡ್ ಎಂಬ ಲೋಹದ ತಟ್ಟೆ ಗಿರಗಿರ ಸುತ್ತುತ್ತಿರುತ್ತದೆ. ಎಣ್ಣೆ ಹಾಕಿದರೆ ಆವಿಯಾಗಿ ನಿರ್ವಾತವನ್ನೇ ಕೆಡಿಸುತ್ತದೆ. ಅಲ್ಲಿನ ಕೆಲವು ಬೇರಿಂಗ್‌ಗಳಲ್ಲಿ ಮೀನಿನ ಮುಳ್ಳಿನಂತೆ ಗೆರೆ ಕೊರೆದಿರುತ್ತಾರೆ. ಸುತ್ತಿದಷ್ಟೂ ಆ ಗೆರೆಗಳು ಗ್ಯಾಲಿಯಂ ಮಿಶ್ರಲೋಹವನ್ನು ಒಳಕ್ಕೆ ಎಳೆದುಕೊಂಡು ಎರಡು ಮೈ ತಾಗದಂತೆ ತಡೆಯುತ್ತವೆ. ಅದೇ ತೆಳು ಪದರ ಬಿಸಿಯನ್ನೂ ಸಾಗಿಸುತ್ತದೆ, ಕರೆಂಟನ್ನೂ ಹರಿಸುತ್ತದೆ. ಇದಕ್ಕೊಂದು ಪುಟ ಕೊಡಿ.

ಇನ್ನು ಕೊನೆಯ ಸಾಲು, ‘ನಾಳೆ ನಮ್ಮ ಬೈಕಿಗೂ ಇದೇ ಎಣ್ಣೆ.’ ಹೊಡೆದುಹಾಕಿದ್ದೇನೆ. ಬೈಕಿನ ಪಿಸ್ಟನ್ ಅಲ್ಯೂಮಿನಿಯಂನದು ಸ್ವಾಮಿ! ಗ್ಯಾಲಿಯಂ ಅದರ ಹರಳುಗಳ ನಡುವಿನ ಸಂದಿಗೆ ಇಳಿದರೆ ಗಟ್ಟಿ ಲೋಹ ಹಪ್ಪಳದ ಹಾಗೆ ಮುರಿಯುತ್ತದೆ. ಬಿಸಿ ಏರಿದರೆ ಉಕ್ಕನ್ನೂ ಬಿಡುವುದಿಲ್ಲ. ಅದಕ್ಕೇ ಅಂಥ ಬೇರಿಂಗ್‌ಗಳಿಗೆ ಗ್ಯಾಲಿಯಂಗೆ ಜಗ್ಗದ ಮಾಲಿಬ್ಡಿನಂನಂಥ ಲೋಹ ಹುಡುಕುವುದು. ನಮ್ಮ ಓದುಗರಲ್ಲಿ ಮೆಕ್ಯಾನಿಕ್‌ಗಳೂ ಇದ್ದಾರೆ. ಒಬ್ಬರು ಹಾಕಿ ನೋಡಿದರೂ ಇಂಜಿನ್ ಖರ್ಚು ನನ್ನ ತಲೆಗೆ.

ಶೀರ್ಷಿಕೆಯಲ್ಲಿ ಕೀಲೆಣ್ಣೆ ಎಂದವರು ಒಳಗೆ ಹನ್ನೊಂದು ಕಡೆ ‘ಘರ್ಷಣಾ ನಿವಾರಕ ದ್ರವ್ಯ’ ಎಂದಿದ್ದೀರಿ. ಯಾಕೆ?

ಆ ಕರಕಲು ಗ್ರೀಸಿನ ಫೋಟೊ ಇದ್ದರೆ ಕಳಿಸಿ. ಕೆರೆಯುವಾಗ ವಾಸನೆ ಹೇಗಿತ್ತು, ಅದನ್ನೂ ಬರೆಯಿರಿ.