ಪ್ರತಿಕ್ರಿಯೆ: ಆರು ಸಾಲಿಗೊಂದು ಅಡ್ಡ ಬಿರುಕಿದ್ದರೆ ಸಿಮೆಂಟ್ ಮೆತ್ತಬೇಡಿ

ಮ್ಯಾಂಚೆಸ್ಟರ್‌ನಲ್ಲಿ ನೀವು ಕೊಂಡ 1930ರ ದಶಕದ ಮನೆಯ ಹೊರಗೋಡೆಯಲ್ಲಿ ಸುಮಾರು ಆರು ಇಟ್ಟಿಗೆ ಸಾಲಿಗೊಂದು ಅಡ್ಡ ಬಿರುಕು ಬಿದ್ದಿದೆ, ಸಿಮೆಂಟ್ ತುಂಬಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ದಯವಿಟ್ಟು ಅವಸರಪಡಬೇಡಿ.

ಆ ಆರು ಸಾಲಿನ ಲೆಕ್ಕವೇ ಕಾರಣದತ್ತ ಬೆರಳು ತೋರಿಸುತ್ತಿದೆ. ಆ ಕಾಲದ ಬಹಳಷ್ಟು ಬ್ರಿಟಿಷ್ ಮನೆಗಳಿಗೆ ಎರಡು ಪದರದ ಗೋಡೆ, ನಡುವೆ ಟೊಳ್ಳು. ಪದರಗಳನ್ನು ಬಂಧಿಸುವ ಉಕ್ಕಿನ ಟೈಗಳನ್ನು ಸಾಮಾನ್ಯವಾಗಿ 450 ಮಿ.ಮೀ. ಎತ್ತರಕ್ಕೊಂದರಂತೆ, ಅಂದರೆ ಆರು ಸಾಲಿಗೊಮ್ಮೆ, ಗಾರೆಯಲ್ಲಿ ಹೂಳುತ್ತಿದ್ದರು. ತುಕ್ಕು ಹಿಡಿದ ಉಕ್ಕು ಉಬ್ಬಿ ಗಾರೆಯನ್ನು ಸೀಳುತ್ತದೆ, ಮೇಲಿನ ಇಟ್ಟಿಗೆಗಳನ್ನೇ ಎತ್ತುತ್ತದೆ. ನಿಮ್ಮ ಗಾರೆ ಕಪ್ಪಗಿದೆಯೇ ನೋಡಿ. ಕಲ್ಲಿದ್ದಲ ಬೂದಿ ಬೆರೆಸಿದ್ದರೆ ಅದರಲ್ಲಿನ ಗಂಧಕ ತುಕ್ಕನ್ನು ಇನ್ನೂ ಬೇಗ ತರುತ್ತದೆ.

ಮೊದಲು ಸಣ್ಣ ತೂತು ಕೊರೆಸಿ ಬೋರೋಸ್ಕೋಪ್‌ನಿಂದ (ತೂತಿನೊಳಗೆ ಇಳಿಸಿ ನೋಡುವ ತೆಳು ಕೊಳವೆಯ ಸಾಧನ) ಪರೀಕ್ಷಿಸಿ. ಅಷ್ಟಕ್ಕೇ ಸಮಾಧಾನಪಡಬೇಡಿ: ಟೊಳ್ಳಿನಲ್ಲಿ ಗಟ್ಟಿಯಾಗಿ ಕಾಣುವ ಟೈ ಹೊರಗಿನ ಗಾರೆಯೊಳಗೆ ಪದರು ಪದರಾಗಿ ಉದುರುತ್ತಿರಬಹುದು. ಒಂದೆರಡು ಕಡೆ ಇಟ್ಟಿಗೆ ತೆಗೆಸಿ ಕಣ್ಣಾರೆ ನೋಡಿ.

ದುರಸ್ತಿಗೆ ಸ್ಟೇನ್‌ಲೆಸ್ ಸ್ಟೀಲ್‌ನ ಸುರುಳಿ ಟೈಗಳು ಸಿಗುತ್ತವೆ. ಗೋಡೆಯ ಒಳಪದರ ಅವನ್ನು ಹಿಡಿದುಕೊಳ್ಳುತ್ತದೆಯೇ ಎಂದು ಎಳೆದು ಪರೀಕ್ಷಿಸಲೇಬೇಕು. ಇಟ್ಟಿಗೆ ಮೆದುವಾಗಿದ್ದರೆ ರೆಸಿನ್‌ನಲ್ಲಿ (ಗಟ್ಟಿಯಾಗುವ ಅಂಟಿನಲ್ಲಿ) ಕೂರಿಸುವ ಬಗೆ ಮೇಲು. ಹೊಸ ಟೈಗಳು ಕೂತ ಮೇಲೆ, ಹಳೆಯ ಟೈಗಳು ದಪ್ಪ ಪಟ್ಟಿಯವಾದರೆ ಅವುಗಳ ಹೊರತುದಿಯನ್ನು ತೆಗೆಸಿ ಅಥವಾ ಗಾರೆಯಿಂದ ಬಿಡಿಸಿ. ಬಿಟ್ಟರೆ ಅವು ಉಬ್ಬುತ್ತಲೇ ಇರುತ್ತವೆ. ತೆಳು ತಂತಿಯವನ್ನು ಸಾಮಾನ್ಯವಾಗಿ ಹಾಗೆಯೇ ಬಿಡಬಹುದು. ಗುತ್ತಿಗೆದಾರರ ದರಪಟ್ಟಿಯಲ್ಲಿ ಹಳೆಯ ಟೈಗಳನ್ನು ತೆಗೆಯುವ ಅಥವಾ ಬಿಡಿಸುವ ಕೆಲಸ ಪ್ರತ್ಯೇಕವಾಗಿ ನಮೂದಾಗಿದೆಯೇ ಎಂದು ಸಹಿಗೆ ಮೊದಲೇ ಕೇಳಿ.