ಟಾಪ್ ಮೇಲೆ ಕ್ಯಾರಿಯರ್ ಹಾಕಿಸೋ ಮುಂಚೆ

ಪ್ರಶ್ನೆ: ಹೊಸನಗರದ ಹತ್ತಿರ ನಮ್ಮ ಅಡಿಕೆ ತೋಟ, ಗಾಡಿ ಬೊಲೆರೊ. ಔಷಧಿ ಹೊಡೆಯೋ ಪೈಪು, ದೋಟಿ, ಏಣಿ ಎಲ್ಲ ಟಾಪ್ ಮೇಲೆ ಹಾಕೋಣ ಅಂತ ಕ್ಯಾರಿಯರ್ ಮಾಡಿಸಬೇಕು. ಊರಿನ ವೆಲ್ಡಿಂಗ್ ಶಾಪಿನವರು ಕಬ್ಬಿಣದ ಚೌಕ ಪೈಪಲ್ಲಿ ಮಾಡಿ, ಟಾಪಿಗೆ ತೂತು ಕೊರೆದು ಬೋಲ್ಟ್ ಹಾಕಿದರೇ ಗಟ್ಟಿ ಅಂತಾರೆ. ಶಿವಮೊಗ್ಗದಲ್ಲಿ ಅಲ್ಯೂಮಿನಿಯಂದು ರೆಡಿ ಸಿಗುತ್ತೆ, ಆದರೆ ರೇಟು ಜಾಸ್ತಿ. ಯಾವುದು ಮಾಡೋಣ? ಆಗಾಗ ಮನೆಯವರೆಲ್ಲ ಆಗುಂಬೆ ಘಾಟಿ ಇಳಿದು ಉಡುಪಿಗೂ ಹೋಗ್ತೀವಿ.

ಉತ್ತರ: ತೂತು ಮಾತ್ರ ಕೊರೆಸಬೇಡಿ. ಕಬ್ಬಿಣವೋ ಅಲ್ಯೂಮಿನಿಯಮ್ಮೋ ಆಮೇಲೆ ನೋಡೋಣ, ಮೊದಲು ಈ ಮಾತು. ನಮ್ಮ ಕಡೆ ಜೂನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡಲ್ಲ. ಬೋಲ್ಟ್ ಸುತ್ತ ಸಿಲಿಕಾನ್ ಬಳಿದುಬಿಟ್ಟರೆ ನೀರು ಇಳಿಯಲ್ಲ ಅಂತ ಹೇಳ್ತಾರೆ, ಹೊಸದರಲ್ಲಿ ಅದು ನಿಜವೂ ಹೌದು, ಆದರೆ ತೋಟದ ದಾರಿಯಲ್ಲಿ ಗಾಡಿ ಕುಲುಕಿ ಕುಲುಕಿ ಆ ಸಿಲಿಕಾನ್ ಒಂದು ಕಡೆ ಬಿಟ್ಟುಕೊಂಡರೆ ನೀರು ಸೀದಾ ಕೊರೆದ ಅಂಚಿಗೆ ಹೋಗಿ ಕೂರುತ್ತೆ. ಆ ಅಂಚಿಗೆ ಪೇಂಟಿಲ್ಲ. ಕೆಳಗಡೆ ಲೈನಿಂಗ್ ಮುಚ್ಚಿಕೊಂಡಿರೋದರಿಂದ ತುಕ್ಕು ನಿಮ್ಮ ಕಣ್ಣಿಗೂ ಬೀಳಲ್ಲ. ಲೈನಿಂಗ್ ಮೇಲೆ ಕಂದು ಕಲೆ ಕಾಣಿಸೋ ಹೊತ್ತಿಗೆ ಮೇಲಿನ ತಗಡು ತಿಂದುಹೋಗಿರುತ್ತೆ.

ಇನ್ನೊಂದು ಕಾರಣವೂ ಇದೆ. ಟಾಪಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಭಾರ ಹೊರೋಕೆ ಅಂತ ಅದನ್ನು ಮಾಡಿಲ್ಲ. ಭಾರ ಹೊರೋದು ಬಾಗಿಲ ಪಕ್ಕದ ಪಿಲ್ಲರ್‌ಗಳು. ನಿಮ್ಮ ಅದೃಷ್ಟಕ್ಕೆ ಬೊಲೆರೊ ಟಾಪಿನ ಎರಡೂ ಅಂಚಿಗೆ ಮಳೆನೀರು ಹರಿಯೋ ಗಟರ್ ಇದೆ. ಕ್ಯಾರಿಯರ್ ಕಾಲನ್ನು ಆ ಗಟರಿಗೇ ಕ್ಲಾಂಪ್ ಮಾಡಿಸಿ, ಒಂದೊಂದು ಬದಿಗೆ ಮೂರು ಕಾಲು ಇರಲಿ, ಸಾಧ್ಯವಾದಷ್ಟೂ ಪಿಲ್ಲರ್ ಹತ್ತಿರವೇ ಬರಲಿ. ಕ್ಲಾಂಪಿಗೂ ಗಟರಿಗೂ ನಡುವೆ ದಪ್ಪ ರಬ್ಬರ್ ಕೊಡಿಸಿ, ಇಲ್ಲದಿದ್ದರೆ ಪೇಂಟ್ ಎದ್ದು ಅಲ್ಲಿಂದಲೇ ತುಕ್ಕು ಶುರುವಾಗುತ್ತೆ. ರಬ್ಬರ್ ಕೆಳಗೂ ನೀರು ನಿಲ್ಲುತ್ತೆ, ಹಾಗಾಗಿ ಮಳೆಗಾಲ ಮುಗಿದ ಮೇಲೆ ಒಂದು ಸಲ ಬಿಚ್ಚಿ ಒರೆಸಿ ನೋಡಿ. ಒಳಗೆ ನೈಲಾನ್ ಇರೋ ಲಾಕ್ ನಟ್ಟನ್ನೇ ಕೇಳಿ ಹಾಕಿಸಿ. ಮೊದಲ 50–100 ಕಿ.ಮೀ. ಓಡಿದ ಮೇಲೆ ಪಾನಾ ಹಿಡಿದು ಎಲ್ಲವನ್ನೂ ಇನ್ನೊಮ್ಮೆ ಬಿಗಿ ಮಾಡಲೇಬೇಕು, ಆಮೇಲೂ ಕಚ್ಚಾ ರಸ್ತೆ ಓಡಾಟ ಜಾಸ್ತಿ ಆದಾಗೆಲ್ಲ ಕೈಯಲ್ಲಿ ಅಲ್ಲಾಡಿಸಿ ನೋಡ್ತಾ ಇರಿ.

ಇನ್ನು ತೂಕ. ಒಂದಿಂಚಿನ ಚೌಕ ಪೈಪು, 2 ಮಿ.ಮೀ. ದಪ್ಪದ್ದು, ಮೀಟರಿಗೆ ಹತ್ತಿರ ಹತ್ತಿರ ಒಂದೂವರೆ ಕೆ.ಜಿ. ಬರುತ್ತೆ. ಆರಡಿ ಉದ್ದ ನಾಲ್ಕಡಿ ಅಗಲದ ಕ್ಯಾರಿಯರ್‌ಗೆ ಸುತ್ತ ಎರಡು ಸಾಲು, ನಡುವೆ ಅಡ್ಡಪಟ್ಟಿ ಅಂತ ಲೆಕ್ಕ ಹಾಕಿದರೆ 20 ಮೀಟರ್ ಪೈಪು ಬೇಕೇ ಬೇಕು. ಅಂದರೆ ಸಾಮಾನು ಹತ್ತೋಕೆ ಮುಂಚೆಯೇ 30 ಕೆ.ಜಿ. ಟಾಪ್ ಮೇಲೆ ಕೂತಾಯ್ತು. ಅದೇ ಅಳತೆ ಅಲ್ಯೂಮಿನಿಯಮ್ಮಲ್ಲಿ ಸುಮಾರು ಮೂರನೇ ಒಂದು ಪಾಲು. ಗಾಡಿ ಓಡುವಾಗ ಟಾಪ್ ಮೇಲೆ ಎಷ್ಟು ಹೊರಿಸಬಹುದು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಹುಡುಕಿ, ಅಲ್ಲಿಲ್ಲದಿದ್ದರೆ ಸರ್ವಿಸ್ ಸೆಂಟರಲ್ಲಿ ಕೇಳಿ. ಬಹಳಷ್ಟು ಎಸ್‌ಯುವಿಗಳಿಗೆ ಅದು 50ರಿಂದ 100 ಕೆ.ಜಿ., ಕೆಲವಕ್ಕೆ ಅದಕ್ಕಿಂತಲೂ ಕಡಿಮೆ. ಆ ಲೆಕ್ಕದಲ್ಲಿ ಕ್ಯಾರಿಯರ್ ತೂಕವೂ ಸೇರುತ್ತೆ, ಇದನ್ನೇ ತುಂಬಾ ಜನ ಮರೆಯೋದು. ನಿಂತ ಗಾಡಿ ಮೇಲೆ ಇಬ್ಬರು ಹತ್ತಿ ಕುಣಿದರೂ ಏನೂ ಆಗಲಿಲ್ಲ ಅಂತ ಅಂಗಡಿಯವರು ತೋರಿಸಬಹುದು. ನಿಂತಾಗ ತಡೆಯೋ ಭಾರವೇ ಬೇರೆ, ಗುಂಡಿಗೆ ಇಳಿದು ಎದ್ದಾಗ ಬೀಳೋ ಭಾರವೇ ಬೇರೆ ಅಲ್ವಾ?

ನನ್ನನ್ನು ಕೇಳಿದರೆ ದುಡ್ಡು ಹೊಂದಿಸಿಕೊಂಡು ಅಲ್ಯೂಮಿನಿಯಂದೇ ಹಾಕಿಸಿ. ಕಬ್ಬಿಣದ್ದೇ ಆಗಬೇಕು ಅಂದರೆ ಸುತ್ತ ಒಂದೇ ಸಾಲು ಸಾಕು, ನಿಮ್ಮ ಸಾಮಾನಿಗೆ ಎತ್ತರದ ಬುಟ್ಟಿ ಬೇಕಿಲ್ಲ. ಪೈಪಿನ ಬಾಯಿಗಳನ್ನು ವೆಲ್ಡ್ ಮಾಡಿ ಮುಚ್ಚಿಸಿ, ಕೆಳಮುಖಕ್ಕೆ ಸಣ್ಣ ತೂತು ಬಿಡಿಸಿ. ಪೈಪಿನ ಒಳಗೆ ನಿಂತ ನೀರು ಹೊರಗೆ ಹೋಗೋಕೆ ಅದೊಂದೇ ದಾರಿ.

ದೋಟಿ, ಏಣಿ, ಖಾಲಿ ಪೈಪು ಮೇಲೆ ಹೋಗಲಿ. ಅವು ಉದ್ದ ಇದ್ದರೂ ಹಗುರ. ಔಷಧಿ ಪಂಪು, ನೀರು ತುಂಬಿದ ಕ್ಯಾನು, ಸಿಮೆಂಟ್ ಮೂಟೆ ಯಾವತ್ತೂ ಒಳಗೆ, ನೆಲದ ಮೇಲೆ. ತೋಟದ ದಾರಿಯ ಕೊರಕಲಿಗೆ ಒಂದು ಬದಿಯ ಚಕ್ರ ಇಳಿದಾಗ ಗಾಡಿ ವಾಲುತ್ತಲ್ಲ, ಆಗ ಮೇಲಿನ ಒಂದೊಂದು ಕೆ.ಜಿ.ಯೂ ಅದೇ ಬದಿಗೆ ಎಳೆಯುತ್ತೆ. ಆಗುಂಬೆಯ 14 ತಿರುವುಗಳಲ್ಲೂ ಅಷ್ಟೇ. ಮನೆಯವರೆಲ್ಲ ಒಳಗಿದ್ದಾಗ ಟಾಪ್ ಖಾಲಿ ಇರಲಿ, ಬಟ್ಟೆ ಬ್ಯಾಗ್ ಬಿಟ್ಟು ಬೇರೇನೂ ಬೇಡ. ಕಟ್ಟೋಕೆ ನೈಲಾನ್ ಹಗ್ಗ ಬೇಡ, ಒದ್ದೆಯಾದರೆ ಸಡಿಲ ಆಗುತ್ತೆ. ಲಾರಿಯವರು ಬಳಸೋ, ಹಿಡಿ ಆಡಿಸಿ ಬಿಗಿ ಮಾಡೋ ರ‍್ಯಾಚೆಟ್ ಬೆಲ್ಟ್ ಎರಡು ತಗೊಳ್ಳಿ. ಉದ್ದದ ಪೈಪನ್ನು ಮುಂದಿನ ಬಂಪರ್ ಹುಕ್ಕಿಗೂ ಹಿಂದಕ್ಕೂ ಎಳೆದು ಕಟ್ಟಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ನಿಯಮ ಮೀರಿದ ಬದಲಾವಣೆಗೆ, ಒಂದೊಂದಕ್ಕೂ 5000 ರೂಪಾಯಿ ದಂಡ, ಜೈಲಿಗೂ ಅವಕಾಶ ಇದೆ. ಅದಕ್ಕೇ ಬಿಚ್ಚಿ ತೆಗೆಯೋ ಹಾಗಿರೋದೇ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ಮಾಡಿಸೋಕೆ ಮುಂಚೆ ನಿಮ್ಮ ಗಾಡಿ ರಿಜಿಸ್ಟರ್ ಆಗಿರೋ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಒಂದು ಮೇಲ್ ಹಾಕಿ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಕ್ಲೇಮಿನ ಹೊತ್ತಿಗೆ ಬಾಯಿಮಾತು ನಡೆಯಲ್ಲ.

ಪ್ರಶ್ನೆ: ಜಿಮ್ನಿಗೆ ಕ್ಯಾರಿಯರ್ ಹಾಕಿಸಿದ್ದೇನೆ. ಭದ್ರಾವತಿ ರಸ್ತೆಯಲ್ಲಿ 60 ದಾಟಿದ ಕೂಡಲೇ ಸಿಳ್ಳೆ ಹೊಡೆದ ಹಾಗೆ ಸದ್ದು. ಏನು ಮಾಡಲಿ?

ಉತ್ತರ: ಪೈಪಿನ ಬಾಯಿ ತೆರೆದಿದ್ದರೆ ಮೊದಲು ರಬ್ಬರ್ ಬಿರಡೆ ಹಾಕಿ, ಅರ್ಧ ಸದ್ದು ಅಲ್ಲೇ ನಿಲ್ಲಬಹುದು. ಆಮೇಲೆ ಎಲ್ಲಕ್ಕಿಂತ ಮುಂದಿನ ಅಡ್ಡಪಟ್ಟಿಗೆ ಬೆರಳಷ್ಟು ದಪ್ಪದ ರಬ್ಬರ್ ಹಗ್ಗವನ್ನು ಬಳ್ಳಿ ಮರಕ್ಕೆ ಹಬ್ಬಿದ ಹಾಗೆ ದೂರ ದೂರ ಸುತ್ತಿ. ಗಾಳಿ ಪಟ್ಟಿ ದಾಟಿ ಒಂದೇ ಲಯದಲ್ಲಿ ಸುಳಿ ಏಳೋದರಿಂದ ಸಿಳ್ಳೆ ಬರೋದು, ಹಗ್ಗ ಆ ಲಯ ಒಡೆಯುತ್ತೆ. ಬೆಲ್ಟ್ ಕಟ್ಟಿದ್ದರೆ ಅದಕ್ಕೂ ಒಂದು ತಿರುವು ಕೊಟ್ಟು ಕಟ್ಟಿ, ಚಪ್ಪಟೆಯಾಗಿ ಬಿಟ್ಟರೆ ಅದೂ ಗುಂಯ್ ಅನ್ನುತ್ತೆ. ಸಾಮಾನು ಇಲ್ಲದ ದಿನ ಕ್ಯಾರಿಯರ್ ಬಿಚ್ಚಿಡಿ, ಡೀಸೆಲ್ಲೋ ಪೆಟ್ರೋಲೋ ಸುಮ್ನೆ ಗಾಳಿಗೆ ಹೋಗಲ್ಲ.

ಪ್ರಶ್ನೆ: ಬಟ್ಟೆ ಟಾಪಿನ ಥಾರ್. ಅದರ ಮೇಲೆ ಕ್ಯಾರಿಯರ್ ಆಗುತ್ತಾ?

ಉತ್ತರ: ಬಟ್ಟೆಯ ಮೇಲೆ ಆಗಲ್ಲ. ಭಾರ ಬಾಡಿಗೆ ಇಳಿಯೋ ಹಾಗೆ ಹೊರಗಿನಿಂದ ಪೂರ್ತಿ ಫ್ರೇಮ್ ಕಟ್ಟಿಸಬೇಕಾಗುತ್ತೆ. ಅದು ದುಬಾರಿ, ತೂಕವೂ ಜಾಸ್ತಿ, ಆರ್‌ಟಿಒ ತಕರಾರಿಗೂ ದಾರಿ. ಹಿಂದಿನ ಸೀಟು ಮಡಚಿ ಸಾಮಾನು ಒಳಗೇ ಬಿಗಿದು ಕಟ್ಟಿಕೊಳ್ಳಿ.