ಪಿನ್ ಹೊಡೆಯೋಕೆ ಯಾರಿದ್ದೀರಿ?

ಪ್ರಶ್ನೆ: ಅಕ್ಕಾ, ನಾನು ಕಾಲೇಜಿನಲ್ಲಿ ಎರಡನೇ ವರ್ಷ. ಚಿತ್ರ ಬರೆಯುತ್ತೇನೆ. ಸ್ಟಿಕರ್, ಪುಟ್ಟ ಕಾಮಿಕ್ಸ್ ಪುಸ್ತಕ ಮಾಡಿ ಮಾರಬೇಕು ಅಂತ ಆಸೆ. ಆದರೆ ಒಬ್ಬಳಿಂದ ಆಗುವುದಿಲ್ಲ, ನನಗೆ ಗುಂಪು ಅಂತಲೂ ಇಲ್ಲ. ಎರಡು ಮೂರು ಕ್ಲಬ್‌ಗೆ ಹೋಗಿ ಹೆಸರು ಬರೆಸಿ ಬಂದೆ, ಅಷ್ಟೇ. ಮೊದಲು ಜನರನ್ನು ಹುಡುಕಲಾ, ಕೆಲಸ ಶುರು ಮಾಡಲಾ? ನಾಲ್ಕು ಜನರ ಮುಂದೆ ಮಾತಾಡಲು ಹೆದರುವವಳು ಲೀಡರ್ ಆಗಬಹುದಾ?

ಉತ್ತರ: ಕೆಲಸ ಶುರು ಮಾಡಿ. ಹೆಸರು ಬರೆಸಿದ ಕಡೆ ಯಾರ ಜೊತೆಯೂ ಏನೂ ಮಾಡಬೇಕಾಗಿಲ್ಲ, ಹಾಗಾಗಿ ಅಲ್ಲಿ ಮಾತೂ ಹುಟ್ಟುವುದಿಲ್ಲ. ಅದೇ ಒಂದು ರಾಶಿ ಹಾಳೆ ಮುಂದಿಟ್ಟುಕೊಂಡು ಕೂತು, ಪಕ್ಕದ ರೂಮಿನವಳಿಗೆ ‘ಸ್ವಲ್ಪ ಮಡಚಿ ಕೊಡ್ತೀಯಾ’ ಅಂತ ಕೇಳಿ ನೋಡಿ.

ನಮ್ಮ ಕಥೆ ಹೇಳುತ್ತೇನೆ. ಕಾಲೇಜಿನಲ್ಲಿದ್ದಾಗ ನಾವು ಮೂವರು ಸೇರಿ ಇಂಥದ್ದೇ ಒಂದು ಪುಸ್ತಕ ಮಾಡಿದೆವು. 14 ಪುಟ ಬರೆದು, ಜಂಬದಿಂದ ಪ್ರೆಸ್ಸಿಗೆ ಒಯ್ದರೆ ಅಲ್ಲಿಯವರು ಎಣಿಸಿ ನಕ್ಕರು. ಹಾಳೆ ಒಂದು ಸಲ ಮಡಚಿದರೆ 4 ಪುಟ ಆಗುತ್ತದೆ, ಅಲ್ವಾ? ಹಾಗಾಗಿ ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ 12 ಪುಟ ಇರಬೇಕು, ಇಲ್ಲ 16. ಹದಿನಾಲ್ಕು ಅಂತ ಇಲ್ಲವೇ ಇಲ್ಲ. ಎರಡು ಪುಟ ಖಾಲಿ ಉಳಿಯಿತು. ಅಲ್ಲಿ ಜಾಹೀರಾತು ಹಾಕೋಣ ಅಂತ ಒಬ್ಬ, ನನ್ನದೇ ಇನ್ನೊಂದು ಚಿತ್ರ ಹಾಕೋಣ ಅಂತ ನಾನು, ರಾತ್ರಿಯಿಡೀ ಜಗಳ. ಅದುವರೆಗೆ ಬಾಯಿ ಬಿಡದೆ ಕೂತಿದ್ದವಳು ಕೊನೆಗೆ, ‘ಸುಮ್ನೆ ಖಾಲಿ ಬಿಡ್ರೋ, ಓದಿದವರು ಬರ್ಕೊಳ್ಲಿ’ ಅಂದಳು. ಮೇಲೆ ಸಣ್ಣಕ್ಷರದಲ್ಲಿ ‘ಈ ಪುಟ ನಿಮ್ಮದು’ ಅಂತ ಹಾಕಿ ಅಚ್ಚು ಮಾಡಿಸಿದೆವು.

ಒಂದು ವಾರ ಕಳೆದಿರಬೇಕು, ಒಬ್ಬ ಹುಡುಗ ಬಂದು ಏನೂ ಹೇಳದೆ ಆ ಪುಟ ತೆರೆದು ತೋರಿಸಿದ. ಪೆನ್ಸಿಲ್ಲಿನಲ್ಲಿ ಒಂದು ಮುರಿದ ಕುರ್ಚಿ, ಅದಕ್ಕೆ ಎಂಥಾ ಸಿಟ್ಟಿನ ಮುಖ ಗೊತ್ತಾ! ಆಮೇಲೆ ಇನ್ನೂ ಇಬ್ಬರು ಬಂದರು. ಮುಂದಿನ ಸಂಚಿಕೆಗೆ ನಾವು ಆರು ಜನ. ‘ಸದಸ್ಯರು ಬೇಕಾಗಿದ್ದಾರೆ’ ಅಂತ ಎಷ್ಟು ಪೋಸ್ಟರ್ ಅಂಟಿಸಿದ್ದರೂ ಆ ಕುರ್ಚಿ ಹುಡುಗ ಬರುತ್ತಿರಲಿಲ್ಲ, ಅವನು ನಿಮಗಿಂತ ಜಾಸ್ತಿ ಹೆದರುವವನು.

ಪುಟ ಖಾಲಿ ಬಿಡಿ ಅಂದ ಆ ಹುಡುಗಿ ಎರಡು ವರ್ಷದಲ್ಲಿ ಒಂದು ಭಾಷಣವನ್ನೂ ಮಾಡಲಿಲ್ಲ. ಆದರೆ ಯಾರು ಎಷ್ಟು ಪ್ರತಿ ಒಯ್ದರು, ಎಷ್ಟು ದುಡ್ಡು ಬಂತು, ಯಾರಿಗೆ ಪರೀಕ್ಷೆ ಇದೆ ಎಲ್ಲ ಅವಳ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ಏನೇ ಗೊಂದಲ ಆದರೂ ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಅಧ್ಯಕ್ಷ ಅಂತ ಹೆಸರಿಗೆ ನಾನಿದ್ದೆ, ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಶುರು ಮಾಡುವುದು ಚಿಕ್ಕದಾಗಿರಲಿ, 50 ಪ್ರತಿ ಸಾಕು. ಸ್ಕ್ರೀನಿನ ಬಣ್ಣ ನಂಬಬೇಡಿ. ಸ್ಕ್ರೀನು ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚು ಶಾಯಿಯಿಂದ, ಅದಕ್ಕೇ ಮಿಂಚುವ ಹಸಿರು ಕಾಗದದ ಮೇಲೆ ಸಪ್ಪೆಯಾಗುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ ನೋಡಿ. ಚಿತ್ರ 300 ಡಿಪಿಐ, ಅಂದರೆ ಒಂದು ಇಂಚಿಗೆ 300 ಚುಕ್ಕಿ ಇರಲಿ, ಅಂಚಿನಾಚೆ ಸುತ್ತಲೂ 3 ಮಿಲಿಮೀಟರ್ ಬಣ್ಣ ಚಾಚಿರಲಿ, ಇಲ್ಲದಿದ್ದರೆ ಕತ್ತರಿಸಿದಾಗ ಬಿಳಿ ಗೆರೆ ಇಣುಕುತ್ತದೆ. ಮಾಮೂಲಿ ಸ್ಟೇಪ್ಲರ್ ಪುಸ್ತಕದ ನಡುವಿನವರೆಗೆ ತಲುಪುವುದಿಲ್ಲ. ಅದನ್ನು ಪೂರ್ತಿ ಬಿಚ್ಚಿ, ಕೆಳಗೆ ಥರ್ಮಾಕೋಲ್ ಇಟ್ಟು ಪಿನ್ ಒತ್ತಿ, ಪುಸ್ತಕ ತಿರುವಿ ಹಾಕಿ ಪಿನ್ನಿನ ತುದಿಗಳನ್ನು ಚಮಚದಿಂದ ಮಡಚಿ. ಬೆರಳಿಗೆ ಚುಚ್ಚುತ್ತದೆ. ನಮ್ಮ ಗುಂಪಿನ ಒಳ್ಳೆಯ ಮಾತುಕತೆ ಎಲ್ಲ ಆಗಿದ್ದು ಈ ಕೆಲಸ ಮಾಡುತ್ತಾ ನೆಲದ ಮೇಲೆ ಕೂತಾಗಲೇ.

ದೊಡ್ಡದಾದವೂ ಹೀಗೇ ಶುರುವಾಗಿದ್ದು ಉಂಟು. ಅಮೆರಿಕದ ಎವರ್‌ಗ್ರೀನ್ ಸ್ಟೇಟ್ ಕಾಲೇಜಿನಲ್ಲಿ ಓದುತ್ತಿದ್ದ ಬ್ರೂಸ್ ಪ್ಯಾವಿಟ್ 1980ರಲ್ಲಿ ಕೋರ್ಸಿನ ಅಂಕಕ್ಕೆಂದು ಇನ್ನೂ ಹೆಸರು ಮಾಡಿರದ ಬ್ಯಾಂಡುಗಳ ಬಗ್ಗೆ ಒಂದು ಪುಟ್ಟ ಪತ್ರಿಕೆ ತಂದ. ನಡುನಡುವೆ ಕ್ಯಾಸೆಟ್ಟನ್ನೂ ತಂದ. ಅದೇ ಬೆಳೆದು ಸಬ್ ಪಾಪ್ ಅನ್ನುವ ಸಂಗೀತ ಕಂಪನಿ ಆಯಿತು, 1988ರಲ್ಲಿ, ಮುಂದೆ ಜಗತ್ತಿಗೇ ಗೊತ್ತಾದ ನಿರ್ವಾಣ ಅನ್ನುವ ರಾಕ್ ಬ್ಯಾಂಡಿನ ಮೊದಲ ರೆಕಾರ್ಡ್ ತಂದಿದ್ದು ಅವರೇ.

ಪ್ರಶ್ನೆ: ನಾವು ಒಂಬತ್ತು ಗೆಳೆಯರು ಟೀ ಶರ್ಟ್ ಡಿಸೈನ್ ಮಾಡಿ ಮಾರುತ್ತೇವೆ. ಗ್ರೂಪಿನಲ್ಲಿ ಎಲ್ಲರೂ ‘ಸೂಪರ್’ ಅನ್ನುತ್ತಾರೆ, ಕೆಲಸ ಮಾಡುವವನು ನಾನೊಬ್ಬನೇ. ಇವರನ್ನು ಬಿಟ್ಟುಬಿಡಲಾ?

ಉತ್ತರ: ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು, ಅಂತ ಬೈಯುವ ಮೊದಲು ಒಂದು ವಿಷಯ ಕೇಳಿ. ಮ್ಯಾಕ್ಸ್ ರಿಂಗೆಲ್ಮನ್ ಅನ್ನುವ ಫ್ರೆಂಚ್ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳೆದಿದ್ದ. ಅದನ್ನು 1913ರಲ್ಲಿ ಪ್ರಕಟಿಸಿದ. ಒಬ್ಬನೇ ಎಳೆಯುವಾಗ ಹಾಕುವ ಬಲಕ್ಕೆ ಹೋಲಿಸಿದರೆ, ಎಂಟು ಜನ ಸೇರಿದಾಗ ತಲಾ ಅರ್ಧದಷ್ಟೂ ಬರಲಿಲ್ಲ. ಎಲ್ಲರೂ ಒಟ್ಟಿಗೆ ಒಂದೇ ಹೊತ್ತಿಗೆ ಎಳೆಯುವುದು ಕಷ್ಟ ಅನ್ನುವುದು ಒಂದು, ಉಳಿದವರು ಎಳೀತಾರೆ ಬಿಡು ಅನ್ನುವುದು ಇನ್ನೊಂದು. ನಿಮ್ಮ ಗೆಳೆಯರು ಕೆಟ್ಟವರಲ್ಲ, ಅವರ ಕೈಗೆ ಹಗ್ಗದ ತುದಿ ಸಿಕ್ಕಿಲ್ಲ. ಮೂರು ಮೂರು ಜನರ ಗುಂಪು ಮಾಡಿ, ಒಬ್ಬೊಬ್ಬರ ಹೆಸರಿನ ಮುಂದೆ ಒಂದು ಕೆಲಸ, ಒಂದು ತಾರೀಕು ಬರೆಯಿರಿ. ‘ಯಾರಾದ್ರೂ ಫೋಟೋ ತೆಗೀರಪ್ಪಾ’ ಅಂದರೆ ಯಾರೂ ತೆಗೆಯುವುದಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಅವರು ಮಾಡಿದ್ದನ್ನು ರಾತ್ರಿ ಕೂತು ನೀವೇ ತಿದ್ದುತ್ತೀರಾ? ನಾನು ತಿದ್ದುತ್ತಿದ್ದೆ. ಒಬ್ಬನ ಅಕ್ಷರ ಚೆನ್ನಾಗಿಲ್ಲ ಅಂತ ಪೋಸ್ಟರ್ ಪೂರ್ತಿ ಮತ್ತೆ ಬರೆದಿದ್ದೆ. ಅವನು ಮತ್ತೆ ಪೆನ್ನು ಮುಟ್ಟಲಿಲ್ಲ.

ಪ್ರಶ್ನೆ: ನಮ್ಮ ತಂಡ ಬಿಟ್ಟು ಹೋದ ಗೆಳತಿ ತನ್ನ ಡಿಸೈನ್ ಬಳಸಬೇಡಿ ಅನ್ನುತ್ತಿದ್ದಾಳೆ. ಜಾಸ್ತಿ ಮಾರಾಟ ಆಗುವುದೇ ಅದು. ಹಾಗನ್ನಲು ಆಗುತ್ತದಾ?

ಉತ್ತರ: ಸಾಮಾನ್ಯವಾಗಿ ಆಗುತ್ತದೆ. ಚಿತ್ರದ ಹಕ್ಕು ಬರೆದವರದ್ದು, ನೋಂದಾಯಿಸದಿದ್ದರೂ. ಗುಂಪಿಗೆ ಕೊಟ್ಟಿದ್ದೇನೆ ಅಂತ ಅವಳು ಬರೆದುಕೊಟ್ಟಿದ್ದರೆ ಬೇರೆ ಮಾತು, ಆದರೆ ನೀವು ಏನೂ ಬರೆಸಿಕೊಂಡಿಲ್ಲ ಅಂತ ಕಾಣುತ್ತದೆ. ಸದ್ಯಕ್ಕೆ ಮಾರಾಟ ನಿಲ್ಲಿಸಿ, ಈವರೆಗೆ ಮಾರಿದ ಲೆಕ್ಕ ತೋರಿಸಿ, ಅವಳ ಪಾಲು ಕೊಡಿ. ಆಮೇಲೆ, ಪ್ರತಿ ಮಾರಾಟಕ್ಕೆ ಇಷ್ಟು ಅಂತ ಕೊಟ್ಟರೆ ಮುಂದುವರಿಸಬಹುದಾ ಅಂತ ಕೇಳಿ. ಮೆಸೇಜಿನಲ್ಲಿ ಬೇಡ, ಎದುರು ಕೂತು ಕೇಳಿ. ಅವಳು ತಂಡ ಯಾಕೆ ಬಿಟ್ಟಳು ಅಂತ ನೀವು ಬರೆದೇ ಇಲ್ಲ, ಅದನ್ನೂ ಕೇಳಿ.